ರಜೆಯ ಮನೆಗಳ ಬೀಗದಕ್ಕ

ಸಮುದ್ರದಂಡೆಯ ಆ ಸಣ್ಣ ಊರಿಗೆ ಬರುವ ಬಸ್ಸು ಕೊನೆಯ ನಿಲ್ದಾಣದಲ್ಲಿ ಒಂದು ಸುತ್ತು ಹಾಕಿ ವಾಪಸು ಹೊರಡುತ್ತದೆ. ಅದು ಸುತ್ತು ಹಾಕುವ ಜಾಗದ ಎದುರಿಗೇ ಒಂದು ಲಾಂಡ್ರಿ. ಅದರ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಂಗಿ ಇಬ್ಬರು ಇದ್ದಾರೆ. ಲಾಂಡ್ರಿ ತಂಗಿಯದು. ಅಕ್ಕನದು ಬೀಗಗಳ ಕೆಲಸ. ಊರಲ್ಲಿ ಎಲ್ಲರಿಗೂ ಅವಳು ಬೀಗದಕ್ಕ. ಅವಳ ನಿಜವಾದ ಹೆಸರು ಅಂಚೆಯವನಿಗೆ ಗೊತ್ತು, ಬ್ಯಾಂಕಿನವರಿಗೆ ಗೊತ್ತು, ಅಷ್ಟೇ.

ಬೀಗ ಮಾಡುವವಳಲ್ಲ, ಮಾರುವವಳೂ ಅಲ್ಲ. ದೂರದ ಪಟ್ಟಣಗಳವರು ಇಲ್ಲಿ ರಜೆಗೆಂದು ಕೊಂಡ ಮನೆಗಳನ್ನು ಅವರಿಲ್ಲದಾಗ ನೋಡಿಕೊಳ್ಳುವವಳು. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಇರಲು ಬಂದಾಗ ಅವಳಿಗೆ ಮೂವತ್ತೆಂಟು. ಲಾಂಡ್ರಿಗೆ ಹಾಸಿಗೆ ಬಟ್ಟೆ ಕೊಡುತ್ತಿದ್ದ ಒಬ್ಬ ಕಣ್ಣಿನ ಡಾಕ್ಟರು, “ನಮ್ಮ ಮನೆ ಬೀಗದ ಕೈ ನಿಮ್ಮ ಹತ್ರ ಇರಲಿ, ಆಗಾಗ ಕಿಟಕಿ ತೆಗೆದು ಗಾಳಿಯಾಡಿಸಿ” ಎಂದು ಕೊಟ್ಟುಹೋದರು. ಅಲ್ಲಿಂದ ಶುರುವಾಯಿತು. ಹದಿನೈದು ವರ್ಷಗಳಲ್ಲಿ ಬೀಗದ ಕೈಗಳು ಹದಿನಾಲ್ಕಾದವು. ಕೋಣೆಯ ಬಾಗಿಲ ಹಿಂದೆ ಒಂದು ಹಲಗೆಗೆ ಮೊಳೆ ಹೊಡೆದು ನೇತುಹಾಕಿದ್ದಾಳೆ. ಮೊದಲು ಹಿತ್ತಾಳೆಯ ಬಿಲ್ಲೆಗಳಿದ್ದವು, ಉಪ್ಪುಗಾಳಿಗೆ ಹಸಿರುಗಟ್ಟಿದವು. ಈಗ ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದೆ.

ಆ ಊರಿಗೆ ಜನ ಬರುವುದು ವರ್ಷದಲ್ಲಿ ನಾಲ್ಕು ತಿಂಗಳು. ಆಮೇಲೆ ಗಾಳಿಯ ತಿಂಗಳುಗಳು. ಕೊನೆಯ ಕಾರು ಹೋದ ಮಾರನೆಯ ದಿನವೇ ಅವಳ ನಿಜವಾದ ಕೆಲಸ ಆರಂಭ. ಗ್ಯಾಸ್ ಬಂದ್ ಮಾಡಬೇಕು. ನೀರಿನ ದೊಡ್ಡ ವಾಲ್ವ್ ತಿರುಗಿಸಿ, ನಲ್ಲಿಗಳನ್ನೆಲ್ಲ ಬಿಟ್ಟು, ಪೈಪಿನಲ್ಲಿ ಉಳಿದ ನೀರು ಹರಿಸಬೇಕು. ಫ್ರಿಜ್ ತೊಳೆದು, ಬಾಗಿಲು ಪೂರ್ತಿ ಮುಚ್ಚಿಕೊಳ್ಳದಂತೆ ಬಟ್ಟೆ ಮಡಚಿ ಸಿಕ್ಕಿಸಬೇಕು. ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಬೀರುಗಳನ್ನು ತೆರೆದಿಟ್ಟು, ಬಾಗಿಲು ಕಿಟಕಿಗಳ ತಿರುಗಣಿಗಳಿಗೆ ಎಣ್ಣೆ ಹಚ್ಚಬೇಕು. ಆಮೇಲೆ ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕಿಟಕಿ ತೆರೆದು ಕೂರಬೇಕು. ಆ ಅರ್ಧ ಗಂಟೆ ಬೇರೆಯವರ ಸೋಫಾದ ಮೇಲೆ ಕೂತು ಅವಳು ಬೇರೆಯವರ ಹಳೆಯ ಪತ್ರಿಕೆಗಳನ್ನು ಓದುತ್ತಾಳೆ.

ಮನೆ ಕೊಂಡವರ ನಡೆ ಅವಳಿಗೆ ಬಾಯಿಪಾಠ. ಮೊದಲ ವರ್ಷ ಆರು ಸಲ ಬರುತ್ತಾರೆ. ಪರದೆ ತರುತ್ತಾರೆ, ಸ್ನೇಹಿತರನ್ನು ಕರೆತರುತ್ತಾರೆ, ಸೂರ್ಯ ಮುಳುಗುವಾಗ ಫೋಟೋ ತೆಗೆಯುತ್ತಾರೆ. ಎರಡನೆಯ ವರ್ಷ ಮೂರು ಸಲ. ಮೂರನೆಯ ವರ್ಷ ಎರಡೇ ಸಲ, ಅದರಲ್ಲೊಂದು ಬರೀ ರಿಪೇರಿಗೆ. ನಾಲ್ಕನೆಯ ವರ್ಷ ಫೋನು. ಐದನೆಯ ವರ್ಷ ದಲ್ಲಾಳಿ.

ಊರಿಗೆ ಇದ್ದವನು ಒಬ್ಬನೇ ದಲ್ಲಾಳಿ. ಮಾತಿಗೊಮ್ಮೆ “ಭರವಸೆ ಇಡಿ” ಎನ್ನುತ್ತಿದ್ದುದರಿಂದ ಅವನ ಹೆಸರೂ ಭರವಸೆ ಎಂದೇ ಆಗಿತ್ತು. ಗಿರಾಕಿ ಬಂದರೆ ಮನೆಯ ಬಾಗಿಲು ತೆಗೆಯಲು ಬೀಗದಕ್ಕ ಬೇಕು. ಅವಳು ಬಾಗಿಲು ತೆಗೆಯುತ್ತಿದ್ದಳು, ಕಿಟಕಿ ತೆಗೆಯುತ್ತಿದ್ದಳು, ಮೂಲೆಯಲ್ಲಿ ನಿಲ್ಲುತ್ತಿದ್ದಳು. ಯಾರಾದರೂ ಕೇಳಿದರೆ “ಚೆನ್ನಾಗಿದೆ” ಅನ್ನುತ್ತಿದ್ದಳು. ಮಾರುವುದು ಕೊಳ್ಳುವುದು ಅವರವರಿಗೆ ಬಿಟ್ಟದ್ದು ಎಂಬುದು ಅವಳ ನಿಲುವು. ಒಬ್ಬ ಬಸ್ ಕಂಡಕ್ಟರ್ ಮನೆ ನೋಡಲು ಬರುವವರೆಗೂ ಹಾಗೇ ನಡೆಯಿತು.

ಅವನು ಆಗಷ್ಟೇ ನಿವೃತ್ತನಾಗಿದ್ದ. ಬಂಡೆಯ ಕೆಳಗೆ, ನೀರಿಗೆ ತೀರಾ ಹತ್ತಿರ ಒಂದು ಮನೆಯಿತ್ತು. ರಸ್ತೆಯಿಂದ ಅಲ್ಲಿಗೆ ಇಳಿಯಲು ಎಂಬತ್ತೊಂದು ಮೆಟ್ಟಿಲು. ನೋಡಲು ಬಂದ ದಿನ ಅವನ ಹೆಂಡತಿ ಮೇಲೆ ಮೋಟುಗೋಡೆಯ ಮೇಲೇ ಕೂತಳು. “ನೀವು ನೋಡ್ಕೊಂಡು ಬನ್ನಿ. ನಿಮಗೆ ಹಿಡಿಸಿದ್ರೆ ನನಗೂ ಹಿಡಿಸಿದ ಹಾಗೇ” ಎಂದಳು. ಹೇಳುವಾಗ ಎರಡು ಕೈಯಿಂದಲೂ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಬೀಗದಕ್ಕ ಅದನ್ನು ನೋಡಿದಳು. ಕಂಡಕ್ಟರ್ ಮಾತ್ರ ಮೆಟ್ಟಿಲುಗಳನ್ನು ಹುಡುಗನ ಹಾಗೆ ಇಳಿದುಹೋದ. ಜಗುಲಿಯಲ್ಲಿ ನಿಂತು ಅಲೆಗಳನ್ನು ನೋಡಿದ, ಗೋಡೆ ತಟ್ಟಿದ, ತಿರುಗಿ ಕೇಳಿದ: “ಹೇಗಮ್ಮಾ ಮನೆ?”

“ಗಟ್ಟಿಯಾಗಿದೆ” ಎಂದಳು. ಅದು ಸುಳ್ಳಲ್ಲ. ಆ ಸಾಲಿನಲ್ಲಿ ಅಷ್ಟು ಗಟ್ಟಿಯಾದ ಮನೆ ಇನ್ನೊಂದಿರಲಿಲ್ಲ.

ಅವನು ಕೊಂಡ. ಎರಡನೆಯ ವರ್ಷ, ಊರೆಲ್ಲ ಖಾಲಿಯಾದ ಮೇಲೂ ಗಂಡ ಹೆಂಡತಿ ಉಳಿದುಕೊಂಡರು. ಗಾಳಿಯ ತಿಂಗಳಲ್ಲಿ ಒಂದು ಮಧ್ಯಾಹ್ನ ಬೀಗದಕ್ಕ ಪಕ್ಕದ ಮನೆಯ ಕಿಟಕಿ ತೆರೆಯುತ್ತಿದ್ದಾಗ ಕಂಡಕ್ಟರ್ ಕೂಗುವುದು ಕೇಳಿಸಿತು. ಅವನ ಹೆಂಡತಿ ಬಚ್ಚಲಲ್ಲಿ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಊರಿನ ದವಾಖಾನೆಗೆ ಆ ತಿಂಗಳುಗಳಲ್ಲಿ ಡಾಕ್ಟರು ಬರುವುದು ವಾರಕ್ಕೆ ಎರಡೇ ದಿನ, ಅವತ್ತು ಆ ದಿನವಲ್ಲ. ಆಂಬುಲೆನ್ಸ್ ದೊಡ್ಡ ಊರಿನಿಂದ ಹೊರಟು ಮೇಲಿನ ರಸ್ತೆ ಮುಟ್ಟಲು ಒಂದೂವರೆ ಗಂಟೆ. ರಸ್ತೆಯವರೆಗೆ ಅವಳನ್ನು ತಲುಪಿಸಬೇಕಾದವರು ಇವರೇ. ಊಟದ ಕುರ್ಚಿಯಲ್ಲಿ ಕೂರಿಸಿ, ಸೀರೆ ಸುತ್ತಿ ಕಟ್ಟಿ, ಇಬ್ಬರು ಮೀನುಗಾರರು, ಬಸ್ಸಿನ ಡ್ರೈವರು ಮತ್ತು ಕಂಡಕ್ಟರ್ ಹೊತ್ತರು. ಮೂರು ಕಡೆ ಇಳಿಸಿ ಉಸಿರು ತೆಗೆದುಕೊಂಡರು. ಬೀಗದಕ್ಕ ಆ ಹೆಂಗಸಿನ ಚಪ್ಪಲಿ, ಕೈಚೀಲ ಹಿಡಿದು ಹಿಂದೆ ಹತ್ತಿದಳು. ಚಪ್ಪಲಿ ಯಾಕೆ ತಂದೆ ಎಂದು ಆಮೇಲೆ ತನಗೇ ಗೊತ್ತಾಗಲಿಲ್ಲ.

ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಮುಕ್ಕಾಲು ಪಾಲು ಹೋಯಿತು. ಕಂಡಕ್ಟರ್ ಮನೆ ಮಾರಲಿಕ್ಕೆ ಹಾಕಿ, ಬೀಗದ ಕೈ ಕೊಡಲು ಲಾಂಡ್ರಿಗೆ ಬಂದ. ಚಹಾ ಕುಡಿದ. ಆಮೇಲೆ ಹೇಳಿದ: “ಮೂವತ್ತು ವರ್ಷ ಜನ ಬಸ್ಸು ಹತ್ತೋದು ಇಳಿಯೋದನ್ನೇ ನೋಡಿದವನು ನಾನು. ಅವತ್ತು ನನ್ನ ಹೆಂಡ್ತಿ ಕೆಳಗೆ ಇಳೀಲೇ ಇಲ್ಲ ಅನ್ನೋದು ನನಗೆ ಕಾಣಲಿಲ್ಲ ನೋಡಿ. ನಿಮಗೆ ಕಂಡಿತ್ತಾ?”

“ಕಂಡಿತ್ತು.”

“ಹೇಳಬಹುದಿತ್ತಲ್ಲಮ್ಮ.”

ಸಿಟ್ಟಿರಲಿಲ್ಲ. ಲೋಟ ಕೆಳಗಿಟ್ಟು ಬಸ್ಸು ಹತ್ತಿದ.

ಬೀಗದಕ್ಕ ಅತ್ತವಳಲ್ಲ. ಎರಡು ವಾರ ಎಂದಿನಂತೆ ಕೆಲಸ ಮಾಡಿದಳು. ಆಮೇಲೆ ಒಂದು ದಿನ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಆ ಹೆಂಗಸನ್ನು ನೋಡಿ ಬಂದಳು. ಏನು ಮಾತಾಡಿದರೆಂದು ತಂಗಿ ಕೇಳಿದ್ದಕ್ಕೆ, “ಏನಿಲ್ಲ. ತಲೆ ಬಾಚಿ ಬಂದೆ” ಎಂದಳು.

ಅದಾದ ಮೇಲೆ ಯಾರಾದರೂ ಮನೆ ನೋಡಲು ಬಂದರೆ ಅವಳು ಮೂಲೆಯಲ್ಲಿ ನಿಲ್ಲುವುದನ್ನು ಬಿಟ್ಟಳು. ಕೇಳದಿದ್ದರೂ ಹೇಳತೊಡಗಿದಳು. ಮಳೆ ಬಂದರೆ ಈ ಗೋಡೆ ಬೆವರುತ್ತೆ. ಈ ಮನೆಗೆ ಬರುವ ದಾರಿ ಕಾಗದದಲ್ಲಿ ಇಲ್ಲ, ಪಕ್ಕದವರ ದಯೆಯಲ್ಲಿದೆ. ಶೌಚದ ಗುಂಡಿ ನೆರೆಯವರ ಬಾವಿಗೆ ಇಪ್ಪತ್ತೇ ಹೆಜ್ಜೆ. ಪ್ಲಂಬರ್ ಒಬ್ಬನೇ, ಅವನಿಗೆ ಬೆನ್ನು ನೋವು. ವಯಸ್ಸಾದವರು ಜೊತೆಗಿದ್ದರೆ ಮೊದಲು ಅವರನ್ನು ಒಳಗೆ ಕರೆದು ಬಚ್ಚಲಿಗೆ ಹೋಗಿ ಬರಲು ಹೇಳುತ್ತಿದ್ದಳು. “ನೀವು ಸಮುದ್ರ ಆಮೇಲೆ ನೋಡಿ, ಅದೆಲ್ಲಿಗೂ ಹೋಗಲ್ಲ. ಮೊದಲು ಮೆಟ್ಟಿಲು ನೋಡಿ” ಎನ್ನುತ್ತಿದ್ದಳು.

ಭರವಸೆಯ ಮುಖ ಗಂಟಿಕ್ಕಿತು. ಒಂದು ದಿನ ಲಾಂಡ್ರಿಗೆ ಬಂದು, ಇಸ್ತ್ರಿ ಮಾಡುತ್ತಿದ್ದ ತಂಗಿಯ ಎದುರಿಗೇ ಕೇಳಿದ. “ಅಕ್ಕಾ, ಹದಿನಾಲ್ಕು ಮನೆಗೆ ಬೀಗ ಹಾಕ್ತೀರಿ. ಬಾಯಿಗೆ ಒಂದು ಹಾಕ್ಕೊಳ್ಳೋಕೆ ಆಗಲ್ವಾ?”

“ಇದ್ದದ್ದು ಹೇಳ್ತೀನಪ್ಪ. ಸುಳ್ಳು ಹೇಳಿದ್ರೆ ತೋರಿಸು.”

“ಇದ್ದದ್ದೆಲ್ಲ ಹೇಳ್ತಾ ಹೋದ್ರೆ ಯಾರಾದ್ರೂ ಮದುವೆ ಆಗ್ತಾರಾ, ಮನೆ ಕೊಳ್ತಾರಾ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?”

ಅವನು ಹೋದ ಮೇಲೆ ತಂಗಿ, “ನಿನಗ್ಯಾಕೆ ಊರ ಉಸಾಬರಿ? ಅವನು ಹೇಳೋದ್ರಲ್ಲೂ ತಪ್ಪಿಲ್ಲ” ಎಂದಳು. ಬೀಗದಕ್ಕ ಒಗೆದ ಬಟ್ಟೆಗಳನ್ನು ಮಡಚುತ್ತಾ, “ತಪ್ಪಿಲ್ಲ” ಎಂದು ಒಪ್ಪಿಕೊಂಡಳು. ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರುವರ್ಷ ಒಂದು ಜೋಡಿ ಬಂತು. ಗಂಡನಿಗೆ ಪಟ್ಟಣದಲ್ಲಿ ಕನ್ನಡಕದ ಅಂಗಡಿ. ಹೆಂಡತಿಗೆ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಇಬ್ಬರಿಗೂ ಐವತ್ತರ ಆಸುಪಾಸು. ಮೂಲೆಯಲ್ಲಿದ್ದ ದೊಡ್ಡ ಗಾಜಿನ ಕಿಟಕಿಯ ಮನೆಯನ್ನು ಭರವಸೆ ತೋರಿಸಿದ. ಒಳ್ಳೆಯ ಕಾಲ, ತಿಳಿಯಾದ ಆಕಾಶ. ಕನ್ನಡಕದವನು ಆ ಕಿಟಕಿಯ ಮುಂದೆ ನಿಂತವನು ಅಲ್ಲೇ ಮೈಮರೆತ. ಹೆಂಡತಿ ಕೋಣೆಗಳನ್ನು ಒಂದು ಸುತ್ತು ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಯೋಚಿಸುತ್ತಿದ್ದಳು.

ಭರವಸೆ ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ಬೀಗದಕ್ಕ ಹೇಳಿದಳು: “ಇವತ್ತು ಒಪ್ಪಿಕೊಳ್ಳಬೇಡಿ. ಗಾಳಿ ತಿಂಗಳಲ್ಲಿ ಬಂದು ಮೂರು ದಿನ ಇದ್ದು ನೋಡಿ. ಮನೆ ಮಾಲೀಕರಿಗೆ ಫೋನ್ ಮಾಡಿ ನಾನೇ ಕೇಳ್ತೀನಿ. ಆಮೇಲೂ ಬೇಕು ಅನಿಸಿದ್ರೆ ತಗೊಳ್ಳಿ.”

“ಅಷ್ಟರಲ್ಲಿ ಬೇರೆ ಯಾರಾದ್ರೂ ಕೊಂಡುಬಿಟ್ರೆ?” ಎಂದ ಕನ್ನಡಕದವನು.

“ಕೊಂಡ್ರೆ ಕೊಂಡರು. ನಾಲ್ಕು ವರ್ಷ ಬಿಟ್ಟು ಅವರೇ ಮಾರ್ತಾರೆ.”

ಅವನಿಗೆ ಹಿಡಿಸಲಿಲ್ಲ. ಹೆಂಡತಿ ಮಾತ್ರ, “ಬರೋಣ” ಎಂದಳು.

ಬಂದರು. ಮೊದಲ ದಿನ ಅವನಿಗೆ ಖುಷಿಯೋ ಖುಷಿ. ಅಲೆಗಳು ಬಂಡೆಗೆ ಅಪ್ಪಳಿಸಿ ಮನೆಯಷ್ಟು ಎತ್ತರ ಏಳುವುದನ್ನು ಕಿಟಕಿಯಲ್ಲಿ ನೋಡುತ್ತಾ ಕೂತ. ಸಂಜೆಗೆ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿ ಏನೂ ಕಾಣದಾಯಿತು. ಹೊರಗೆ ಹೋಗಿ ಒರೆಸಿದ. ಗಂಟೆಯೊಳಗೆ ಮತ್ತೆ ಬಿಳಿ. ಎರಡನೆಯ ದಿನ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆ ತಿಂಗಳುಗಳಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಒಂದೇ ಗಂಟೆ. ಬ್ರೆಡ್ಡು ತರಲು ಹೋದರೆ ಅಂಗಡಿಯ ಬಾಗಿಲಿಗೆ ಹಲಗೆ ಹೊಡೆದಿತ್ತು. ಓಣಿಯ ಒಂಬತ್ತು ಮನೆಗಳಲ್ಲಿ ಎಂಟಕ್ಕೆ ಬೀಗ. ಒಂಬತ್ತನೆಯದರಲ್ಲಿ ಇವರು.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಲಾಂಡ್ರಿಗೆ ಬಂದರು. ತಂಗಿ ಮೊಟ್ಟೆ ಬೇಯಿಸಿ ಕೊಟ್ಟಳು. ಕನ್ನಡಕದವನು ಬೆರಳುಗಳನ್ನು ತೋರಿಸಿ, “ವರ್ಷವಿಡೀ ಅಂಗಡೀಲಿ ಗಾಜು ಒರೆಸ್ತೀನಿ. ರಜೆಯಲ್ಲೂ ಗಾಜು ಒರೆಸೋ ಯೋಗ ನನ್ನದು” ಎಂದು ತಾನೇ ನಕ್ಕ.

ಬೀಗದಕ್ಕ ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟಳು. “ವರ್ಷಕ್ಕೆ ಎಷ್ಟು ದಿನ ಬರ್ತೀರಿ? ಗುರುತು ಹಾಕಿ.”

ಅವನು ಪೆನ್ನು ತೆಗೆದುಕೊಂಡು ಉತ್ಸಾಹದಿಂದ ಶುರುಮಾಡಿದ. ಅಂಗಡಿ ಮುಚ್ಚುವ ದಿನಗಳು, ಹೆಂಡತಿಯ ರಜೆಗಳು, ಎರಡೂ ಒಟ್ಟಿಗೆ ಬರುವ ದಿನಗಳು. ಬಸ್ಸಿನಲ್ಲಿ ಏಳು ಗಂಟೆಯ ದಾರಿಯಾದ್ದರಿಂದ ಒಂಟಿ ರಜೆಗಳನ್ನು ಹೊಡೆದುಹಾಕಬೇಕಾಯಿತು. ಉಳಿದದ್ದು ಹತ್ತೊಂಬತ್ತು.

“ಮಿಕ್ಕ ಮುನ್ನೂರ ನಲವತ್ತಾರು ದಿನ ಮನೆ ಯಾರದು?”

“ಸಮುದ್ರದ್ದು” ಎಂದ. ಈ ಸಲ ನಗಲಿಲ್ಲ.

ಹೆಂಡತಿ ಅಲ್ಲಿಯವರೆಗೂ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು. ತಲೆಯೆತ್ತದೆ ಮಾತಾಡಿದಳು. “ಗಾಳಿಯದು, ನೀರಿನದು ನನಗೇನೂ ತೊಂದರೆ ಇಲ್ಲ. ಈ ಮೂರು ದಿನ ನನಗೆ ಇಷ್ಟವಾಯ್ತು. ಯಾಕೆ ಗೊತ್ತಾ? ಯಾರೂ ಬರಲಿಲ್ಲ. ಒಳ್ಳೆ ಕಾಲದಲ್ಲಿ ಮನೆ ಇದ್ರೆ ಇವರ ಅಣ್ಣನ ಮನೆಯವರು ಬರ್ತಾರೆ, ತಂಗಿ ಬರ್ತಾಳೆ, ಅಂಗಡಿ ಪಾಲುದಾರರು ಬರ್ತಾರೆ. ಆ ಅಡುಗೆಮನೆ ನೋಡಿದ್ರಲ್ಲ, ಹತ್ತು ಜನಕ್ಕೆ ಬೇಯಿಸೋ ಹಾಗಿದೆ. ಹತ್ತೊಂಬತ್ತು ದಿನ ಇವರಿಗೆ ರಜೆ. ನನಗೆ ಅಲ್ಲೂ ಡ್ಯೂಟಿ.”

“ನೀನು ಇದನ್ನ ಯಾವತ್ತೂ ಹೇಳಲಿಲ್ವಲ್ಲೇ” ಎಂದ ಗಂಡ.

“ನೀವು ಕಿಟಕಿ ನೋಡ್ತಾ ಇದ್ರಿ.”

ಬೀಗದಕ್ಕನಿಗೆ ಮೋಟುಗೋಡೆಯ ಮೇಲೆ ಕೂತಿದ್ದ ಇನ್ನೊಬ್ಬ ಹೆಂಗಸು ನೆನಪಾದಳೋ ಏನೋ, ಎದ್ದು ಕೆಟಲ್ ಒಲೆಯ ಮೇಲಿಟ್ಟಳು. ಅವರಿಬ್ಬರೂ ಮಧ್ಯಾಹ್ನದ ಬಸ್ಸಿನವರೆಗೆ ಮಾತಾಡಿಕೊಂಡರು. ದನಿ ಏರಲಿಲ್ಲ. ಹೋಗುವಾಗ ಕನ್ನಡಕದವನು ಮನೆ ಬೇಡವೆಂದ. ಅವನ ಮುಖ ಸಣ್ಣದಾಗಿತ್ತು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

ಕೈಗೆ ಬಂದ ವ್ಯಾಪಾರ ತಪ್ಪಿದ್ದು ಭರವಸೆಗೆ ವಾರದೊಳಗೆ ಗೊತ್ತಾಯಿತು. ಅವನು ಜಗಳಕ್ಕೆ ಬರಲಿಲ್ಲ. ಮನೆಗಳ ಮಾಲೀಕರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮ್ಮ ಮನೆಯ ಬೀಗದ ಕೈ ಇಟ್ಟುಕೊಂಡವಳೇ ನಿಮ್ಮ ಮನೆಯನ್ನು ಜರೆಯುತ್ತಾಳೆ, ನಾಳೆ ನೀವು ಮಾರುವಾಗ ಏನು ಗತಿ ಎಂದ. ಅವನು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲ. ಏಳು ಜನ ಬೀಗದ ಕೈ ವಾಪಸು ಕೇಳಿದರು. ಇಬ್ಬರು ಕ್ಷಮೆ ಕೇಳುತ್ತಾ ಕೇಳಿದರು, ಒಬ್ಬರು ಕೊರಿಯರ್ ಕಳಿಸಿದರು. ಮೊದಲ ಬೀಗದ ಕೈ ಕೊಟ್ಟಿದ್ದ ಕಣ್ಣಿನ ಡಾಕ್ಟರು ತೀರಿಕೊಂಡಿದ್ದರು. ಅವರ ಮಗಳು, “ಆಂಟಿ, ನಮಗೂ ಒಂದಿನ ಮಾರಬೇಕಲ್ಲ” ಎಂದಳು. ಬೀಗದಕ್ಕ ಹಲಗೆಯಿಂದ ಒಂದೊಂದೇ ತೆಗೆದು, ಬಟ್ಟೆಚೂರು ಬಿಚ್ಚಿ ಕೊಟ್ಟಳು.

“ನಾನು ಹೇಳಿರಲಿಲ್ವಾ?” ಎಂದಳು ತಂಗಿ.

“ಹೇಳಿದ್ದೆ.”

ಆ ವರ್ಷ ಅವಳು ಅರ್ಧ ದಿನ ಲಾಂಡ್ರಿಯಲ್ಲಿ ನಿಂತಳು. ಅವಳ ಕೈತಪ್ಪಿದ ಮನೆಗಳನ್ನು ದೊಡ್ಡ ಊರಿನ ಒಂದು ಕಂಪನಿಯವರು ನೋಡಿಕೊಂಡರು. ಪ್ರತಿ ಸೋಮವಾರ ಫೋಟೋ ಕಳಿಸುತ್ತಿದ್ದರು. ಎಲ್ಲ ಫೋಟೋಗಳೂ ಹೊರಗಿನಿಂದ ತೆಗೆದವು. ಮೂರು ಮನೆಗಳಲ್ಲಿ ಹಾಸಿಗೆಗೆ ಬೂಷ್ಟು ಹಿಡಿದು, ಅವುಗಳಲ್ಲೇ ಒಂದರಲ್ಲಿ ಪೈಪೂ ಒಡೆದು ನೆಲದ ಹಲಗೆಗಳೆಲ್ಲ ಉಬ್ಬಿದ ಮೇಲೆ, ಆ ಮೂವರು ಅವಳ ಹತ್ತಿರ ಮರಳಿ ಬಂದರು. ಉಳಿದ ನಾಲ್ವರು ಬರಲಿಲ್ಲ. ಅವರ ಮನೆಗಳಿಗೆ ಏನೂ ಆಗಿರಲಿಲ್ಲ.

ಇನ್ನು ಆ ಗಾಜಿನ ಕಿಟಕಿಯ ಮನೆ. ಅದನ್ನು ಕನ್ನಡಕದವನು ಬಿಟ್ಟ ಎರಡೇ ತಿಂಗಳಲ್ಲಿ ಒಬ್ಬ ಬಡಗಿ ಕೊಂಡ. ಮೂರು ಹೆಣ್ಣುಮಕ್ಕಳ ತಂದೆ. ಬಂದ, ಇಪ್ಪತ್ತು ನಿಮಿಷ ನೋಡಿದ, ಹೂಂ ಎಂದ. ಬೀಗದಕ್ಕ ಗೋಡೆಯ ವಿಷಯ ತೆಗೆದರೆ, “ಅದೆಲ್ಲ ನೋಡ್ಕೋತೀನಮ್ಮ” ಎಂದು ಮಾತು ಮುಗಿಸಿಬಿಟ್ಟ. ನಾಲ್ಕು ವರ್ಷ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದು ಅವಳು ತಂಗಿಗೆ ಹೇಳಿದಳು. ಈಗ ಆರು ವರ್ಷ ದಾಟಿದೆ. ಅವನ ಊರು ಒಂದು ಗಂಟೆಯ ದಾರಿ. ತಿಂಗಳಿಗೆ ಎರಡು ಸಲ ಬರುತ್ತಾರೆ, ಗಾಳಿಯ ತಿಂಗಳಲ್ಲೂ ಬರುತ್ತಾರೆ. ಕಿಟಕಿಗೆ ಹೊರಗಿನಿಂದ ಅವನೇ ಮಡಚುವ ಹಲಗೆ ಬಾಗಿಲು ಮಾಡಿದ, ಛಾವಣಿಗೆ ಟ್ಯಾಂಕು ಏರಿಸಿದ. ಹುಡುಗಿಯರು ಬಂಡೆಯ ಮೇಲೆ ಗಾಳ ಹಾಕಿಕೊಂಡು ಕೂರುತ್ತಾರೆ. ಅಡುಗೆ ಮಾಡುವವನೂ ಅವನೇ.

“ನನ್ನ ಲೆಕ್ಕ ಪೂರ್ತಿ ತಪ್ಪಿತು. ಮನೆ ನೋಡ್ದೆ, ಮನುಷ್ಯನ್ನ ನೋಡಲಿಲ್ಲ” ಎನ್ನುತ್ತಾಳೆ ಬೀಗದಕ್ಕ. ಅಂದಿನಿಂದ ಗೋಡೆ, ಮೆಟ್ಟಿಲುಗಳ ಮಾತಿಗೆ ಮೊದಲೇ ಎಷ್ಟು ದೂರದಿಂದ ಬರುತ್ತೀರಿ, ಕೈಯಲ್ಲಿ ಯಾವ ಕೆಲಸ ಗೊತ್ತು, ಅಡುಗೆ ಯಾರದು ಎಂದು ಕೇಳುತ್ತಾಳೆ. ಕೆಲವರು ನಗುತ್ತಾರೆ. ಕೆಲವರು ಗಂಡ ಹೆಂಡತಿ ಮುಖಮುಖ ನೋಡಿಕೊಳ್ಳುತ್ತಾರೆ. ಭರವಸೆಯೂ ಈಗ ಮೊದಲಿನಷ್ಟು ಸಿಡುಕುವುದಿಲ್ಲ. ಕೊಂಡವರು ಮರುವರ್ಷವೇ ಬಂದು ತನ್ನ ಕೊರಳಪಟ್ಟಿ ಹಿಡಿಯುವುದು ಕಡಿಮೆಯಾಗಿದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ.

ಕನ್ನಡಕದವನು ಎರಡು ವರ್ಷ ಸುಮ್ಮನಿದ್ದು, ಒಂದು ದಿನ ಫೋನ್ ಮಾಡಿದ. ಪಟ್ಟಣದಿಂದ ಒಂದೂವರೆ ಗಂಟೆ ದೂರದಲ್ಲಿ, ಒಂದು ಕೆರೆಯ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿದೆಯಂತೆ. ನೆಲ ಸಮತಟ್ಟು. ಪಕ್ಕದಲ್ಲಿ ವರ್ಷವಿಡೀ ಇರುವ ಒಂದು ಸಂಸಾರ. ಮಳೆಯಲ್ಲಿ ಒಂದು ಸಲ, ಬಿಸಿಲಲ್ಲಿ ಒಂದು ಸಲ ಹೋಗಿ ಇದ್ದು ಬಂದಿದ್ದಾನೆ. ಕಾಗದಗಳನ್ನು ವಕೀಲರಿಗೆ ತೋರಿಸಿದ್ದಾನೆ. ಎಲ್ಲವನ್ನೂ ಪರೀಕ್ಷೆ ಬರೆದ ಮಗುವಿನ ಹಾಗೆ ಒಪ್ಪಿಸಿ, “ತಗೊಳ್ಳಲಾ ಅಕ್ಕಾ?” ಎಂದ.

“ನನ್ನನ್ನ ಯಾಕೆ ಕೇಳ್ತೀರಿ? ಮನೆಯವರಿಗೆ ಕೊಡಿ ಫೋನು.”

ಹೆಂಡತಿ ಬಂದಳು. “ಅಡುಗೆಮನೆ ಹೇಗಿದೆ?” ಎಂದು ಕೇಳಿದಳು ಬೀಗದಕ್ಕ.

“ಇಷ್ಟೇ ಇಷ್ಟು. ಇಬ್ಬರು ನಿಂತ್ರೆ ಮೂರನೆಯವರು ಹೊರಗೆ ನಿಲ್ಲಬೇಕು. ಅದಕ್ಕೇ ಒಪ್ಪಿದೆ.”

ಕೊಂಡರು. ವರ್ಷದಲ್ಲಿ ಒಂದು ವಾರ ಹೆಂಡತಿಯೊಬ್ಬಳೇ ಅಲ್ಲಿಗೆ ಹೋಗುವುದೆಂದೂ ಮಾತಾಯಿತು. ಮೊದಲ ವರ್ಷ ಅವನಿಗೆ ಇರುಸುಮುರುಸಾಯಿತು, ಆಮೇಲೆ ರೂಢಿಯಾಯಿತು. ಕೆರೆ ಬೇಸಿಗೆಯಲ್ಲಿ ಬತ್ತಿ ಕೆಸರು ವಾಸನೆ ಬರುತ್ತದೆಂಬುದು ಮಾತ್ರ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಆ ಎರಡು ತಿಂಗಳು ಅವರು ಹೋಗುವುದಿಲ್ಲ.

ಕಳೆದ ವರ್ಷ ಆ ಒಂಟಿ ವಾರಕ್ಕೆ ಕನ್ನಡಕದವನ ಹೆಂಡತಿ ಬೀಗದಕ್ಕನನ್ನು ಕರೆದಳು. ಅರವತ್ತು ದಾಟಿದ ಬೀಗದಕ್ಕ ಅದುವರೆಗೆ ರಜೆಗೆಂದು ಎಲ್ಲಿಗೂ ಹೋದವಳಲ್ಲ. ಮೊದಲು ಬೇಡವೆಂದಳು, ತಂಗಿ ಚೀಲ ತುಂಬಿ ಬಸ್ಸು ಹತ್ತಿಸಿದಳು. ಮೊದಲ ದಿನ ಅಲ್ಲಿನ ನಲ್ಲಿ, ತಿರುಗಣಿ, ಗೋಡೆಯ ಬುಡ ಎಲ್ಲವನ್ನೂ ನೋಡಿದಳು. ಎರಡನೆಯ ದಿನದಿಂದ ನಿದ್ದೆ ಮಾಡಿದಳು. ಆರು ದಿನಗಳಲ್ಲಿ ನಾಲ್ಕು ದಿನ ನಿದ್ದೆಯೇ ಮಾಡಿದಳೆಂದು ಲ್ಯಾಬಿನವಳು ಆಮೇಲೆ ತಂಗಿಗೆ ಹೇಳಿದಳು. ಎಬ್ಬಿಸಬೇಕೆನ್ನಿಸಲಿಲ್ಲವಂತೆ. ಹಸಿವಾದಾಗ ಬೀಗದಕ್ಕ ತಾನೇ ಎದ್ದು, ಬ್ರೆಡ್ಡು ಸುಟ್ಟುಕೊಂಡು, ಲ್ಯಾಬಿನವಳಿಗೂ ಒಂದು ತುಂಡು ಎತ್ತಿಟ್ಟು ಮತ್ತೆ ಮಲಗುತ್ತಿದ್ದಳಂತೆ.